ಬೇರೆ ಹಳಿ ಇರಲಿಲ್ಲ

ಎಷ್ಟು ತಿಕ್ಕಿ ತೊಳೆದರೂ ನನ್ನ ಸೋದರಮಾವನ ಕಣ್ಣಂಚಿನ ಕಪ್ಪು ಹೋಗುತ್ತಿರಲಿಲ್ಲ. ಕಾಡಿಗೆ ಹಚ್ಚಿಕೊಂಡವನಂತೆ ಕಾಣುತ್ತಿದ್ದ. ರಜೆಗೆ ಬಂದು ಅಕ್ಕಿಆಲೂರಿನ ಸಂತೆಗೆ ಹೋದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಅವನೂ ನಗುತ್ತಿದ್ದ. ಅದು ಕಲ್ಲಿದ್ದಲಿನ ಧೂಳು.

ಉತ್ತರ ಭಾರತದ ಒಂದು ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಒಯ್ಯುವ ರೈಲಿನ ಚಾಲಕ ಅವನು. ಎಂಜಿನ್ನು ಕರೆಂಟಿನದು, ಹಳಿ ಸ್ಥಾವರದ್ದೇ. ಗಣಿಯಿಂದ ಸ್ಥಾವರಕ್ಕೆ, ಸ್ಥಾವರದಿಂದ ಗಣಿಗೆ, ಅಷ್ಟೇ. ದೇಶದ ಬೇರಾವ ರೈಲುದಾರಿಗೂ ಅದು ಕೂಡುತ್ತಿರಲಿಲ್ಲ. “ಒಂದ್ಸಲ ನಿಮ್ಮ ಗಾಡಿ ಸವಣೂರ ಕಡೆ ತರ್ರಿ” ಎಂದು ಊರವರು ಚೇಷ್ಟೆ ಮಾಡಿದರೆ, “ಅದಕ್ಕ ಹಾದಿ ಗೊತ್ತಿಲ್ರಿ” ಎನ್ನುತ್ತಿದ್ದ. ಮನೆಯಲ್ಲಿ ಕರೆಂಟು ಹೋದರೆ ನಮ್ಮವ್ವ, “ಯಾಕೋ ತಮ್ಮಾ, ಕಲ್ಲಿದ್ದಲಿ ಕಳಸಿಲ್ಲೇನು?” ಎಂದು ಕಾಡುತ್ತಿದ್ದಳು.

ಒಂದು ಚಳಿಗಾಲ ಹೇಳದೆ ಕೇಳದೆ ಬಂದುಬಿಟ್ಟ. ತಾಟಿನಲ್ಲಿ ರೊಟ್ಟಿ ತಣ್ಣಗಾದರೂ ಮುರಿಯಲಿಲ್ಲ. ನಾನಾಗ ತಿಳವಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಕೂತಾಗ ತಾನಾಗಿಯೇ ಬಾಯಿಬಿಟ್ಟ.

ಗಣಿಯ ಆಚೆ ಒಂದು ತಿರುವು. ವ್ಯಾಗನ್‌ಗಳಿಂದ ಉದುರಿದ ಕಲ್ಲಿದ್ದಲನ್ನು ಒಬ್ಬ ಹೆಂಗಸು ಅಲ್ಲಿ ಒಲೆಗಾಗಿ ಆರಿಸುತ್ತಿದ್ದಳಂತೆ. ಇವನು ದೂರದಿಂದಲೇ ಹಾರ್ನ್ ಹಾಕುತ್ತಿದ್ದ. ಅವಳು ಬದಿಗೆ ಸರಿದು ಕೈ ಬೀಸುತ್ತಿದ್ದಳು. ಆ ದಿನ ದಟ್ಟ ಮಂಜು. ಚಳಿಗೆ ಅವಳು ಕಿವಿ ಮುಚ್ಚಿ ಶಾಲು ಬಿಗಿದಿದ್ದಳು.

“ಕಂಡ ಕೂಡಲೇ ಬ್ರೇಕ್ ಹಾಕಿದೆ, ಯವ್ವಾ. ಹಾರ್ನ್ ಒತ್ತಿದ ಕೈ ತಗೀಲೇ ಇಲ್ಲ. ತುಂಬಿದ ಗಾಡಿ, ಹಿಂದಿನಿಂದ ದಬ್ಬತೈತಿ. ಆಕಿ ತಿರುಗಿ ನೋಡ್ಲಿಲ್ಲ. ನಾ ನೋಡ್ಕೋತ ಕುಂತೆ.”

ಬದುವಿನ ಹುಲ್ಲು ಕೀಳುತ್ತ ಅವನೇ ಮುಂದುವರಿಸಿದ.

“ವಿಚಾರಣಿ ಮಾಡಿ ನನ್ನ ತಪ್ಪಿಲ್ಲ ಅಂದ್ರು. ತಪ್ಪೈತಿ ಅಂದಿದ್ರ ಶಿಕ್ಷಾ ಆದ್ರೂ ಆಗ್ತಿತ್ತು. ಈಗ ಏನ್ ಮಾಡ್ಲಿ?”

“ಬ್ಯಾರೆ ಕಡೆ ಹಾಕ್ರಿ ಅಂತ ಕೇಳು ಮಾಮಾ.”

“ಕೇಳಿದೆ. ಬ್ಯಾರೆ ಹಳಿ ಎಲ್ಲೈತಿ ಅಲ್ಲಿ?”

ನಿಜವೇ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ, ಆ ಕೆಲಸಕ್ಕಿದ್ದದ್ದು ಅದೊಂದೇ ದಾರಿ. ರಜೆ ಮುಗಿಯುತ್ತಲೇ ಹೊರಟ. ನಿವೃತ್ತಿಯವರೆಗೂ ದಿನಾ ಆ ತಿರುವಿನಲ್ಲೇ ಗಾಡಿ ಓಡಿಸಿದ.

ಅವನು ಮರಳಿ ಹೋದ ಕೆಲವು ದಿನಗಳಲ್ಲೇ ಅದೇ ಜಾಗದಲ್ಲಿ ಅವಳ ಮಗಳು ಬುಟ್ಟಿ ಹಿಡಿದು ನಿಂತಿದ್ದಳಂತೆ. ಮಾಮಾ ಡ್ಯೂಟಿ ಮುಗಿಸಿ ಅವರ ಗುಡಿಸಲಿಗೆ ಹೋದ. ಒಳಗೆ ಕಾಲಿಡಲು ಆಗದೆ ಹೊರಗೇ ನಿಂತು, ಹಳಿಯ ಹತ್ತಿರ ಬರಬೇಡ ಎಂದು ಕೈ ಮುಗಿದ. ಆ ಹುಡುಗಿ ಸಿಟ್ಟಾಗಲಿಲ್ಲ. “ಒಲಿಗೆ ಬ್ಯಾರೆ ಏನ್ ಹಾಕ್ಲಿ? ನೀವು ಹಾರ್ನ್ ಹಾಕ್ರಿ, ನಾ ಸರೀತೇನಿ” ಎಂದಳಂತೆ. ಮುಂದಿನ ರಜೆಗೆ ಬಂದಾಗ ಅವಳ ಮಾತನ್ನು ಅವನು ನಮ್ಮ ಭಾಷೆಯಲ್ಲಿ ಹೇಳಿದ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಕೆಮ್ಮು ಅವನನ್ನು ಬಿಡಲಿಲ್ಲ. ಹೋದ ವರ್ಷ ಭತ್ತ ಕೊಯ್ಯುವ ಹೊತ್ತಿಗೆ ಹಾನಗಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ಚಹಾ ತರಲು ಹೋಗಿದ್ದಾಗ ನನ್ನನ್ನು ಹತ್ತಿರ ಕರೆದ.

“ನೀ ಓದಿದಾಕಿ. ಆ ಹುಡುಗಿ ಆ ಹಳಿ ಬಿಡುವಂಗ ಏನರ ಮಾಡಾಕ ಬರ್ತೈತೇನು?”

“ಮಾಡೂಣು ಮಾಮಾ. ಆಕಿ ಹೆಸರೇನು?”

“ಕೇಳಾಕ ಧೈರ್ಯ ಆಗ್ಲಿಲ್ಲ, ಯವ್ವಾ.”

ವಾರದೊಳಗೆ ಹೋಗಿಬಿಟ್ಟ. ಅವನ ಜೊತೆ ಕೆಲಸ ಮಾಡಿದ್ದ, ಈಗಲೂ ಅಲ್ಲೇ ಇರುವ ನಮ್ಮ ಕಡೆಯವರೊಬ್ಬರು ಸುದ್ದಿ ತಿಳಿದು ಫೋನ್ ಮಾಡಿದರು. ಅವರು ಅತ್ತು ಮುಗಿಸುವವರೆಗೆ ಕಾದು, ತಿರುವಿನ ಬಳಿ ಇರುವ ಹುಡುಗಿಯ ಬಗ್ಗೆ ಕೇಳಿದೆ.

“ಯಾವಾಕಿ?” ಎಂದರು ಅವರು. “ಅಲ್ಲಿ ಈಗ ಭಾಳ ಮಂದಿ ಅದಾರಲ್ರಿ.”