ಬೆಲ್ಲದ ತಕ್ಕಡಿಯ ಮೇಲೆ ನಿಲ್ಲಿಸಿದ ಅಣ್ಣ

ನೆನೆಸಿಟ್ಟ ಅವರೆಕಾಳನ್ನು ಹಿತುಕುತ್ತಾ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಿದ್ದೆ. ಹೊತ್ತಾರೆಯಿಂದ ನೀರಲ್ಲಿ ಆಡಿ ಹೆಬ್ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿತ್ತು. ಗುರುವಾರ. ನಮ್ಮ ಯಜಮಾನರು ಹಾಲು ತರಲು ಹೋದವರು ಗೇಟು ಹಾಕುವ ಮುಂಚೆಯೇ ಹೇಳಿದರು, "ನಿನ್ ಸೈಕಲ್ ಅಣ್ಣ ಓಗ್ಬುಟ್ರಂತೆ ಕಣೇ. ಅಂಗ್ಡಿ ಬಾಗ್ಲು ತೆಗ್ದವ್ರೆ, ಸ್ಟೂಲ್ ಮೇಲೆ ಕೂತವ್ರೆ, ಅಷ್ಟೇಯ."

ಬೆರಳ ಸಂದಿಯಲ್ಲಿದ್ದ ಕಾಳು ಹಾಗೇ ಉಳಿಯಿತು. ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಬಲಗೈ ಹೆಬ್ಬೆರಳು. ಅದರ ಉಗುರು ಅರ್ಧವೇ ಇತ್ತು. ಮಿಕ್ಕರ್ಧ ಯಾವ ಕಾಲದಲ್ಲೋ ಚೈನಿಗೆ ಸಿಕ್ಕಿ ಹೋಗಿತ್ತು. ಗಾಳಿ ನೋಡುವ ಮೀಟರು ಅವರ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಆ ಬೆರಳನ್ನು ಟೈರಿನ ಮೇಲೆ ಒತ್ತಿ, ಕಣ್ಣು ಮುಚ್ಚಿ, ಮಗುವಿನ ಜ್ವರ ನೋಡುವವರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಇನ್ನೆಲ್ಡು ಒಡಿ" ಎನ್ನುತ್ತಿದ್ದರು.

ಗುತ್ತಲಿನಲ್ಲಿ ನಮ್ಮ ಮನೆಯಿಂದ ಬಸ್ಸಿಗೆ ಹೋಗುವ ದಾರಿಯ ಇಳಿಜಾರಿನ ಕೊನೆಗೆ ಒಂದು ಬೆಲ್ಲದ ಮಂಡಿ. ಅದರ ಗೋಡೆಗೆ ಒರಗಿಕೊಂಡ ಹಾಗೆ ಅವರ ಸೈಕಲ್ ರಿಪೇರಿ ಅಂಗಡಿ. ಇಪ್ಪತ್ತು ವರ್ಷ ಅದರ ಮುಂದೆ ಓಡಾಡಿದ್ದರೂ ನಾನು ಅವರ ಹತ್ತಿರ ಮಾತಾಡಿದ್ದು ಮೂರು ವರ್ಷದ ಕೆಳಗೆ, ಅಕ್ಕನ ದೆಸೆಯಿಂದ.

ನಮ್ಮವ್ವ ತೀರಿಕೊಂಡಾಗ ನನಗೆ ಐದು ವರ್ಷ. ನನ್ನನ್ನು ಸಾಕಿದ್ದು ಅಕ್ಕ. ಸ್ಕೂಲಿಗೆ ಹೋಗುವ ಮುಂಚೆ ಎಣ್ಣೆ ಹಾಕಿ, ಬೈತಲೆ ತೆಗೆದು, ಜಡೆ ಹೆಣೆದು, ಒಂದು ಎಸಳಾದರೂ ಹೂ ಮುಡಿಸದೆ ಅವಳು ನನ್ನನ್ನು ಹೊಸಿಲು ದಾಟಿಸಿದವಳಲ್ಲ. ಅವಳನ್ನು ಕೊಟ್ಟಿದ್ದು ಕೊಪ್ಪದ ಕಡೆಯ ಒಂದು ಹಳ್ಳಿಗೆ. ಸಕ್ಕರೆ ಕಾಯಿಲೆ ಈಗ ಅವಳ ಕಣ್ಣು ತೆಗೆದುಕೊಂಡಿದೆ. ಮಗ ಸೊಸೆ ಜೊತೆಯಲ್ಲೇ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ, ಸುಳ್ಳು ಹೇಳಬಾರದು. ಆದರೂ ಒಂದು ದಿನ ಫೋನಿನಲ್ಲಿ ಅಂದಳು, "ಬೈತಲೆ ನೆಟ್ಟಗೆ ಬತ್ತಾ ಇಲ್ಲ ಕಣೆ ಪಾಪು. ಸುಕ್ರವಾರ ಒಂದಿನ ಬಂದು ತಲೆ ಬಾಚಿ ಓಗು."

ಇಷ್ಟೇ ಅವಳು ಬದುಕಲ್ಲಿ ನನ್ನನ್ನು ಕೇಳಿದ್ದು. ಅದನ್ನು ನಡೆಸಿಕೊಡಲು ನನಗೆ ಆಗುತ್ತಿರಲಿಲ್ಲ. ಬಸ್ಸು ಹಳ್ಳಿಯ ದಾರಿ ಒಡೆಯುವ ಗೇಟಿನವರೆಗೆ ಮಾತ್ರ. ಅಲ್ಲಿಂದ ಕಬ್ಬಿನ ಗದ್ದೆ ನಡುವೆ ಎರಡು ಕಿಲೋಮೀಟರು ನಡೆಯಬೇಕು. ನನ್ನದೋ ಭಾರದ ಮೈ, ಸವೆದ ಮಂಡಿ. ಯಜಮಾನರು ಬೆಳಗ್ಗೆ ಅಕ್ಕಿ ಗಿರಣಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಎರಡು ಶುಕ್ರವಾರ ಹಲ್ಲು ಕಚ್ಚಿ ನಡೆದೆ. ಮೂರನೆಯ ಶುಕ್ರವಾರ ಹಾಸಿಗೆಯಿಂದ ಏಳಲಾಗಲಿಲ್ಲ.

ಆಗ ಫೋನಿನಲ್ಲಿ ಕಂಡಿದ್ದು, ಮಡಿಚುವ ಕರೆಂಟು ಸೈಕಲ್ಲು. ಸಣ್ಣದು, ಚೆಂದದ್ದು, ಕೈಗೆಟುಕುವ ಬೆಲೆ. ಮಡಿಚಿ ಬಸ್ಸಿನಲ್ಲಿಟ್ಟುಕೊಂಡು ಹೋಗಿ, ಗೇಟಿನಲ್ಲಿ ಇಳಿದು ಬಿಚ್ಚಿ ಓಡಿಸಬಹುದು ಅಂದುಕೊಂಡೆ. ನಾನು ಹುಟ್ಟಿದಾಗಿನಿಂದ ಸೈಕಲ್ಲು ಹತ್ತಿದವಳಲ್ಲ ಅನ್ನುವುದು ಆಮೇಲೆ ನೆನಪಾಯಿತು. ಚಿತ್ರವನ್ನು ಸೈಕಲ್ ಅಣ್ಣನಿಗೆ ತೋರಿಸಿದೆ.

"ಇದು ಸೈಕಲ್ಲೋ, ಛತ್ರಿಯೋ?" ಅಂದರು. ಕನ್ನಡಕ ಹಣೆಗೇರಿಸಿ ನೋಡಿದರು. "ಎಷ್ಟು ತೂಕ ತಡೀತದಂತೆ?"

"ಎಂಬತ್ತು ಕೆ.ಜಿ. ಅಂತ ಬರ್ದವ್ರೆ ಅಣ್ಣ."

"ನೀನೆಷ್ಟಿದ್ದೀಯಮ್ಮ?"

"ಎಪ್ಪತ್ತೈದು."

ಅವರು ನನ್ನನ್ನು ನೋಡಲಿಲ್ಲ. ನನ್ನ ಚಪ್ಪಲಿಯ ಹಿಮ್ಮಡಿ ಸವೆದದ್ದನ್ನು ನೋಡುತ್ತಾ ಕೇಳಿದರು, "ಯಾವ ವರ್ಸುದ್ದು?"

ನನಗೆ ನಗುವೂ ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ದಿನಾ ದೇವರ ಹೆಸರು ಹೇಳುವ ಬಾಯಲ್ಲಿ ಸುಳ್ಳಾಡಿಬಿಟ್ಟೆನಲ್ಲ ಅನ್ನಿಸಿತು. ಅವರು ಎದ್ದು ಮಂಡಿಯ ಗುಮಾಸ್ತನನ್ನು, "ಓಗಯ್ಯಾ, ಒಂದ್ ಟೀ ಕುಡ್ಕೊಂಡ್ ಬಾ" ಎಂದು ಆಚೆ ಕಳಿಸಿದರು. ಬೆಲ್ಲ ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ತಮ್ಮ ಪಾನಾ, ಸುತ್ತಿಗೆ ತುಂಬಿದ ಕಬ್ಬಿಣದ ಪೆಟ್ಟಿಗೆ ಇಟ್ಟರು. ನನ್ನ ಕೈಚೀಲ ಇಡಿಸಿದರು, ಅದರೊಳಗೆ ತೆಂಗಿನಕಾಯಿ, ನೀರಿನ ಬಾಟ್ಲಿ. ಆಮೇಲೆ, "ನೀನೂ ನಿಂತ್ಕೊ. ಎಲ್ಲಾ ಒಟ್ಗೇ ಆಗ್ಲಿ. ಯಾವ್ದು ಯಾರ್ದು ಅಂತ ಯಾರ್ಗೆ ಗೊತ್ತು?" ಅಂದರು.

ನಿಂತೆ. ಅವರೊಬ್ಬರೇ ಬಗ್ಗಿ ಅಂಕಿ ನೋಡಿದರು. ಪೆಟ್ಟಿಗೆಯ ತೂಕ ಮನಸ್ಸಲ್ಲೇ ಕಳೆದರು ಅಂತ ಕಾಣುತ್ತೆ, ತುಟಿ ಅಲ್ಲಾಡಿತು. "ಎಷ್ಟಣ್ಣ?" ಅಂದೆ.

"ಅದು ನಂಗೂ ದೇವ್ರಿಗೂ ಗೊತ್ತಿದ್ರೆ ಸಾಕು. ಚಕ್ರಕ್ಕೆ ಎಂಗೂ ಗೊತ್ತಾಯ್ತದೆ, ಅದ್ಕೆ ಸುಳ್ಳೇಳಾಕಾಗಾಕಿಲ್ಲ."

ಆ ಅಂಕಿಯನ್ನು ಅವರು ನನಗೆ ಯಾವತ್ತೂ ಹೇಳಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ. ರಾತ್ರಿ ದೀಪ ಆರಿಸುವ ಮುಂಚೆ ಆ ದಿನ ಭಗವಂತ ಮಾಡಿದ ಸಣ್ಣಪುಟ್ಟ ಉಪಕಾರ ನೆನೆಯುವುದು ನನ್ನ ರೂಢಿ. ಅವತ್ತು ಬೆಲ್ಲದ ತಕ್ಕಡಿ ಒಂದೇ ಸಾಕಾಯಿತು.

ಮಾರನೆಯ ದಿನ ಅವರು ಯೋಚಿಸಿಟ್ಟುಕೊಂಡಿದ್ದರು. "ನೋಡಮ್ಮ, ಅಗುರಾಗಿರೋದು ನಿನ್ನ ತಡಿಯಾಕಿಲ್ಲ. ನಿನ್ನ ತಡಿಯೋ ಅಂತದ್ದು ಒಂದ್ ಅಕ್ಕಿ ಮೂಟೆ ಭಾರ ಇರ್ತದೆ, ಅದ್ನ ನೀನು ಬಸ್ಸಿಗೆ ಎತ್ತಾಕಿಲ್ಲ. ಕಂಡಕ್ಟರು ಒಂದಿನ ಎತ್ಕೊಡ್ತಾನೆ, ಎಲ್ಡನೇ ದಿನ ಬೈತಾನೆ. ಎತ್ಲೇಬೇಕು ಅಂತ ಯಾರ್ ಯೋಳಿದ್ರು? ಆ ಗೇಟ್ನಲ್ಲಿ ಏನದೆ?"

"ಹಾಲಿನ ಡೈರಿ ಅದೆ. ಅಕ್ಕನ ಮನೆಯೋರು ಅಲ್ಲಿಗೇ ಹಾಲು ಹಾಕೋದು."

"ಮತ್ತೆ! ಮಡ್ಚಿ ಅಲ್ಲೇ ಬೆಂಚಿನ ಕೆಳ್ಗೆ ಮಡಗು. ಬ್ಯಾಟ್ರಿ ಕಳಚಿ ಬ್ಯಾಗ್ನಲ್ಲಿ ಆಕ್ಕೊಂಡ್ ಬಾ, ಮನೇಲಿ ಚಾರ್ಜ್ ಮಾಡು. ಮಡ್ಚೋದು ಎತ್ತಾಕಲ್ಲ ಕಣವ್ವ, ಜಾಗ್ಕೆ."

ಕೊಳ್ಳುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕರೆಂಟು ಸೈಕಲ್ಲಿನ ಅಂಗಡಿಗೆ ಜೊತೆಗೆ ಬಂದರು. ಬಣ್ಣದ ಪರದೆ, ಹತ್ತಾರು ದೀಪ ಇದ್ದ ಒಂದರ ಮುಂದೆ ನಾನು ನಿಂತಿದ್ದು ಕಂಡು, "ಟೀವಿ ನೋಡಾಕೆ ಓಯ್ತಿದ್ದೀಯಾ, ಅಕ್ಕನ ಮನೆಗೆ ಓಯ್ತಿದ್ದೀಯಾ?" ಅಂದರು. ಒಂದೊಂದನ್ನೂ ಮಡಿಚುವ ಕೀಲಿನ ಹತ್ತಿರ ಹಿಡಿದು ಅಲ್ಲಾಡಿಸಿ ಕಿವಿಗೊಟ್ಟರು. ಕಟಕಟ ಅಂದದ್ದನ್ನು ಅಲ್ಲೇ ಬಿಟ್ಟರು. ಸೀಟಿನ ಪೈಪಿನ ದಪ್ಪ ನೋಡಿದರು, ಚಕ್ರದ ಕಡ್ಡಿ ಎಣಿಸಿದರು. ಕೊನೆಗೆ ಬೂದಿ ಬಣ್ಣದ್ದೊಂದರ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ದಪ್ಪ ಟೈರು, ಎರಡು ಚಕ್ರಕ್ಕೂ ತಟ್ಟೆಯಂಥ ಡಿಸ್ಕ್ ಬ್ರೇಕು, ಸೀರೆಯುಟ್ಟವಳು ಕಾಲು ಎತ್ತದೆ ಹತ್ತುವ ಹಾಗೆ ತಗ್ಗಿದ ಚೌಕಟ್ಟು. ನೂರಿಪ್ಪತ್ತು ಕೆ.ಜಿ. ಅಂತ ಚೀಟಿ ಅಂಟಿಸಿತ್ತು. "ನೂರಿಪ್ಪತ್ತು ಅಂದ್ರೆ ನೂರಿಪ್ಪತ್ತೂ ಏರ್ಬಾರ್ದು. ಅದೂ ಒಸಿ ಉಸ್ರಾಡ್ಲಿ. ನಿಂಗೆ ಇದು ಸಾಕು." ಗೇರು ಬೇಡ, ಪರದೆ ಬೇಡ, ದುಡ್ಡು ಬ್ರೇಕಿಗೆ ಕೊಡು ಎಂದರು. ನಾನು ತಿಂಗಳು ತಿಂಗಳು ಕಟ್ಟಿದ್ದ ಚೀಟಿಯ ಹಣ ಅದಕ್ಕೆ ಸರಿಹೋಯಿತು.

ಕಲಿಸಿದ್ದೂ ಅವರೇ. ಮೊದಲು ಬ್ಯಾಟರಿ ಕಳಚಿ ತಮ್ಮ ಅಂಗಡಿಯೊಳಗೆ ಬೀಗ ಹಾಕಿಟ್ಟರು. ಸೀಟು ಇಳಿಸಿ, ಎರಡು ಕಾಲೂ ನೆಲಕ್ಕೆ ಊರುವ ಹಾಗೆ ಮಾಡಿ, ಮಂಡಿಯ ಹಿಂದಿನ ಬಯಲಲ್ಲಿ ಹತ್ತು ದಿನ ಬರೀ ಕಾಲಲ್ಲಿ ತಳ್ಳಿಸಿದರು. "ನಿಲ್ಸಾದು ಕಲಿ. ಓಗಾದು ಅದೇ ಬತ್ತದೆ." ನಾಲ್ಕನೆಯ ದಿನವೇ ಬಿದ್ದೆ. ಟೀ ಅಂಗಡಿ ಮುಂದೆ ಇಬ್ಬರು ಗೊಳ್ಳೆಂದರು. ಅಣ್ಣ ತಿರುಗಿ, "ಏನ್ಲಾ ಅಲ್ಲು ಕಿರಿಯಾದು? ನಾಳೆ ನಿನ್ ಬೈಕು ಪಂಚರಾದ್ರೆ ನನ್ ತಾವ್ಕೇ ತಳ್ಕೊಂಡು ಬರ್ಬೇಕು ಕಣ್ಲಾ, ಗ್ಯಾನ ಇರ್ಲಿ!" ಅಂದರು. ನನ್ನ ಕೈ ಹಿಡಿದು ಎತ್ತಲು ಬರಲಿಲ್ಲ. ಸೈಕಲ್ಲನ್ನು ನಿಲ್ಲಿಸಿ, ಎರಡೂ ಬ್ರೇಕು ಬಿಗಿಯಾಗಿ ಒತ್ತಿ ಹಿಡಿದುಕೊಂಡು, ಬೇರೆ ಕಡೆ ಮುಖ ಮಾಡಿ ನಿಂತರು. ನಾನು ಅದನ್ನೇ ಹಿಡಿದು ನಿಧಾನವಾಗಿ ಎದ್ದೆ.

ಇಷ್ಟೆಲ್ಲ ಆಗಿ, ಬ್ಯಾಟರಿ ಹಾಕಿ ಓಡಿಸುವುದೂ ಬಂದು, ಇನ್ನೇನು ಸೈಕಲ್ಲನ್ನು ಡೈರಿಗೆ ಸಾಗಿಸಬೇಕು ಅನ್ನುವ ಹಿಂದಿನ ದಿನ ನಾನು ಮಾಡಿದ ಕೆಲಸ ಹೇಳಬೇಕು. ಹೊಸ ಗಾಡಿ, ಪೂಜೆ ಮಾಡದೆ ಕಳಿಸುವುದುಂಟೇ? ತೊಳೆದು, ಹೂ ಹಾಕಿ, ಎಣ್ಣೆಯಲ್ಲಿ ಕುಂಕುಮ ಕಲಸಿ ಎಲ್ಲ ಕಡೆ ಬೊಟ್ಟಿಟ್ಟೆ. ಎರಡೂ ಚಕ್ರದ ನಡುವೆ ಆರತಿ ತಟ್ಟೆಯ ಹಾಗೆ ಫಳಫಳ ಹೊಳೆಯುವ ಒಂದೊಂದು ದುಂಡು ತಗಡು ಕಂಡಿತು. ಎರಡಕ್ಕೂ ಕೈತುಂಬ ಸವರಿದೆ. ಎರಡು ನಿಂಬೆಹಣ್ಣು ತುಳಿಸಿ, ದೇವರನ್ನು ನೆನೆದು, ಅಣ್ಣನಿಗೆ ತೋರಿಸೋಣ ಅಂತ ಇಳಿಜಾರಿನಲ್ಲಿ ಹೊರಟೆ. ಬ್ರೇಕು ಒತ್ತಿದರೆ ನಿಲ್ಲಲೊಲ್ಲದು. ಅವರ ಅಂಗಡಿ ಬಂತು, ಹೋಯಿತು. "ಅಣ್ಣಾ!" ಅಂತ ಕೂಗಿದ್ದಷ್ಟೇ ನೆನಪು. ಮಂಡಿಯ ಖಾಲಿ ಗೋಣಿಚೀಲಗಳ ರಾಶಿ ನನ್ನನ್ನು ಮಡಿಲಿಗೆ ಹಾಕಿಕೊಂಡಿತು. ಒಂದು ತರಚು ಗಾಯವೂ ಆಗಲಿಲ್ಲ, ಅದು ಆ ದಿನದ ಕರುಣೆ.

ಅವರು ಓಡಿ ಬಂದು ಬ್ರೇಕಿನ ತಟ್ಟೆಯನ್ನು ಮುಟ್ಟಿ, ಬೆರಳನ್ನು ಮೂಸಿದರು. "ಎಣ್ಣೆ!"

"ಪೂಜೆ ಮಾಡ್ದೆ ಅಣ್ಣ."

ಅವರು ಬೆರಳನ್ನು ಗೋಣಿಚೀಲಕ್ಕೆ ಒರೆಸಿದರು. "ದೇವ್ರಿಗೆ ಕೊಡ್ಗಟ್ಲೆ ಉಯ್ಯವ್ವ, ಯಾರ್ ಬ್ಯಾಡ ಅಂದ್ರು? ಬ್ರೇಕ್ಗೆ ಒಂದ್ ತೊಟ್ಟೂ ಬ್ಯಾಡ."

ಅವತ್ತು ಮಧ್ಯಾಹ್ನವೆಲ್ಲ ಸ್ಪಿರಿಟ್ಟಿನಲ್ಲಿ ಆ ತಟ್ಟೆಗಳನ್ನು ಒರೆಸಿದರು, ಎಣ್ಣೆ ಕುಡಿದ ಬ್ರೇಕ್ ಪ್ಯಾಡು ಕಿತ್ತು ಹೊಸದು ಹಾಕಿದರು. ಎಲ್ಲ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಬಂದು, "ಕುಂಕುಮ ಕೊಡಿಲ್ಲಿ" ಎಂದು ಇಸಿದುಕೊಂಡು ಹ್ಯಾಂಡಲ್ಲಿನ ನೆತ್ತಿಗೆ ತಾವೇ ಬೊಟ್ಟಿಟ್ಟರು. "ಇದು ಅದ್ರ ಅಣೆ. ಇಲ್ಲಿ ಮಾತ್ರ."

ಗೂಡ್ಸ್ ಆಟೋದಲ್ಲಿ ಸೈಕಲ್ಲಿನ ಜೊತೆ ಡೈರಿಯವರೆಗೂ ಬಂದು, ಬೆಂಚಿನ ಕೆಳಗೆ ಸೇರಿಸಿ ಕೊಟ್ಟು ಹೋದರು. ಹೋಗುವ ಮುಂಚೆ ನನ್ನ ಹೆಬ್ಬೆರಳನ್ನು ಟೈರಿನ ಮೇಲೆ ಒತ್ತಿಸಿದರು. "ನನ್ ಬೆಳ್ಳು ವಾರ ವಾರ ಇಲ್ಲಿಗಂಟ ಬರಾಕಿಲ್ಲ. ಅವರೆ ಇತುಕ್ತೀಯಲ್ಲ, ಬಲ್ತಿದ್ದು ಯಾವ್ದು, ಎಳೇದು ಯಾವ್ದು, ಬೆಳ್ಳಿಗೆ ಗೊತ್ತಾಯ್ತದೋ ಇಲ್ವೋ? ಅಂಗೇ ಇದೂವೆ. ನಿನ್ ಭಾರ್ಕೆ ಇಷ್ಟ್ ಗಟ್ಟಿ ಇರ್ಬೇಕು. ಗ್ಯಾಪ್ಕ ಮಡಿಕೊ."

ಆ ಶುಕ್ರವಾರ ಅಕ್ಕನ ಅಂಗಳಕ್ಕೆ ನಾನು ಗಂಟೆ ಬಾರಿಸಿಕೊಂಡು ಹೋದೆ. ಅಕ್ಕ ಜಗಲಿಯಿಂದ, "ಯಾವ ಐಸ್‌ಕ್ಯಾಂಡಿಯವ್ನು ಒಳೀಕೇ ಬಂದ?" ಅಂದಳು. ಕೈಯಿಂದ ಹ್ಯಾಂಡಲ್ಲು, ಸೀಟು, ಟೈರು ಎಲ್ಲವನ್ನೂ ತಡವಿದಳು, ಕೊನೆಗೆ ನನ್ನ ಮಂಡಿಯನ್ನು ತಡವಿದಳು. ಅವತ್ತು ಅವಳ ಬೈತಲೆ ನೂಲು ಹಿಡಿದ ಹಾಗೆ ತೆಗೆದೆ.

ಅಣ್ಣ ಇದಕ್ಕೆಲ್ಲ ನನ್ನಿಂದ ಏನೂ ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿದ್ದಕ್ಕೆ, "ಅವರೆ ಕಾಲಕ್ಕೆ ಒಸಿ ಇತುಕ್ಬೇಳೆ ಸಾರು ತಂದ್ಕೊಡು, ಆಯ್ತು" ಅಂದಿದ್ದರು. ಎರಡು ವರ್ಷ ಕೊಟ್ಟೆ. ಈ ಸಲ ಚಳಿ ತಡವಾಗಿ ಸೊಗಡಿನ ಅವರೆಕಾಯಿ ಸಿಕ್ಕಿರಲಿಲ್ಲ. ಒಂದು ಸಲ ಹೂವು, ಹಣ್ಣು ಎಲ್ಲ ಹೊತ್ತುಕೊಂಡು ಬ್ಯಾಟರಿಯನ್ನೇ ದೇವರ ಗೂಡಿನ ಪಕ್ಕ ಮರೆತು ಬಸ್ಸು ಹತ್ತಿದ್ದೆ. ಅವತ್ತಿನಿಂದ ಪ್ರತಿ ಶುಕ್ರವಾರ ನಾನು ಇಳಿಜಾರು ಇಳಿಯುವಾಗ ಅವರು ತಲೆಯೆತ್ತದೆ ಕೂಗುತ್ತಿದ್ದರು, "ಬ್ಯಾಟ್ರಿ ತಕ್ಕಂಡ್ಯಾ?" ಹೋದ ಶುಕ್ರವಾರ ಅದರ ಜೊತೆಗೆ, "ಅವರೆ ಬಂತಾ?" ಅಂತಲೂ ಕೇಳಿದರು. ಮುಂದಿನ ವಾರ ಅಣ್ಣ ಅಂದೆ.

ಸುದ್ದಿ ಕೇಳಿದವಳು ಅವರ ಮನೆಗೆ ಹೋಗಿ ನೋಡಿ ಬಂದೆ. ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಯಾರೋ ಮಸಿಯೆಲ್ಲ ತಿಕ್ಕಿ ತೊಳೆದಿದ್ದರು. ಅಷ್ಟು ಚೊಕ್ಕಟವಾದ ಆ ಹೆಬ್ಬೆರಳನ್ನು ನಾನು ಎಂದೂ ನೋಡಿರಲಿಲ್ಲ. ಅಣ್ಣನ ಹೆಂಡತಿ, ಅತ್ತಿಗೆ, ನನ್ನನ್ನು ಹಿಡಿದುಕೊಂಡು, "ಅವರೆ ಸಾರು ಬತ್ತದೆ ಅಂತ ನೆನ್ನೆನೂ ಅಂತಿದ್ರು ಕಣವ್ವ" ಎಂದರು. ಆ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ರಾತ್ರಿಯ ಅನ್ನ ಸಾರು ನಾನು ತರುತ್ತೇನೆ ಅಂದೆ.

ತಲೆಗೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದೆ. ಅಕ್ಕನ ಫೋನು ಬಂತು. ವಿಷಯ ಹೇಳಿದೆ. "ನಾಳೀಕೆ ಬರ್ಬ್ಯಾಡ ಬುಡು ಪಾಪು. ಒಂದ್ ವಾರ ಬಾಚ್ದೆ ಇದ್ರೆ ಏನಾಯ್ತದೆ."

"ಇಲ್ಲ ಅಕ್ಕ, ಬತ್ತೀನಿ."

ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ಕೆಂಪು ದೀಪ ಹೊತ್ತಿತು. ಮರೆಯದಿರಲಿ ಅಂತ ಅದರ ಮೇಲೇ ಕೈಚೀಲ ಇಟ್ಟೆ, ನಾಳೆ ಇಳಿಜಾರಿನಲ್ಲಿ ಕೇಳುವವರಿಲ್ಲ. ಆಮೇಲೆ ಹಿತ್ತಿಲ ಮೆಟ್ಟಿಲಿಗೆ ಹೋದೆ. ಪಾತ್ರೆಯ ನೀರಿನಲ್ಲಿ ಅರ್ಧಕ್ಕೂ ಮಿಕ್ಕಿ ಕಾಳು ಉಳಿದಿತ್ತು. ಒಂದನ್ನು ತೆಗೆದು ಹೆಬ್ಬೆರಳಲ್ಲಿ ಒತ್ತಿದೆ. ಬಲಿತಿತ್ತು. ಇನ್ನೊಂದನ್ನು ತೆಗೆದುಕೊಂಡೆ.