ಮುದ್ದೆ ಕೊಯ್ದು ಕಲಿತದ್ದು

ಮುದ್ದೆಯನ್ನು ಕೊಯ್ಯಬಾರದು. ಕೈಯಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗಬೇಕು. ನನಗೆ ಗೊತ್ತಿರುವ ಶಾಸ್ತ್ರವೇ ಇಷ್ಟು. ಹಾಗಾಗಿ ಸಮಾಜದ ಪಾಠ ಹೇಳುವ ಸುಜಾತಾ ಮೇಡಂ ನನ್ನ ಮುದ್ದೆಯನ್ನು ಹೊಲಿಗೆ ದಾರದಲ್ಲಿ ಕೊಯ್ಯಲು ನಿಂತಾಗ ನನಗೆ ಸಿಟ್ಟು ಬಂತು.

ಸರ್ಜಾಪುರದ ಆಚೆಯ ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಮಕ್ಕಳಿಗೆ ಅನ್ನ ಸಾರು. ನನಗೆ ಮಾತ್ರ ಒಂದು ಮುದ್ದೆ ಕಟ್ಟಿಕೊಳ್ಳುತ್ತಿದ್ದೆ. ಮೇಡಂ ಕಣ್ಣು ಅದರ ಮೇಲೆ ಬಿತ್ತು.

"ಅಜ್ಜಿ, ನಂಗೊಂದು ಬೆಟ್ಟ ಬೇಕು."

"ಇದು ನನ್ನ ಊಟ ಕಣಮ್ಮ. ಬೆಟ್ಟ ಬೇಕಾದ್ರೆ ನಂದಿಗೋಗು."

ಕೇಳಬೇಕಲ್ಲ! ಆರಿ ಗಟ್ಟಿಯಾದ ಮುದ್ದೆಯನ್ನು ಅಡ್ಡಡ್ಡ ಬಿಲ್ಲೆ ಮಾಡಿ, ಒಂದೊಂದು ಬಿಲ್ಲೆಯನ್ನೂ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಸಿದರು. ದೊಡ್ಡ ಬಿಲ್ಲೆಯ ಗೆರೆಯೊಳಗೆ ಚಿಕ್ಕದರ ಗೆರೆ, ಅದರೊಳಗೆ ಇನ್ನೂ ಚಿಕ್ಕದು. ಕೈಗೆ ಏರಿಸಿದ ಬಳೆಗಳನ್ನು ತೆಗೆದು ಒಂದರೊಳಗೊಂದು ಇಟ್ಟ ಹಾಗೆ. ಒಂದು ಗೆರೆಯ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ. ಅದಕ್ಕೆ ಸಮೋನ್ನತ ರೇಖೆ ಎಂದು ಹೆಸರಂತೆ. ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ. ಬಳೆ ಎಂದುಕೊಂಡೆ. ಪಾಠ ಮುಗಿದ ಮೇಲೆ ಬೆಟ್ಟವನ್ನು ಸಾರಿನಲ್ಲಿ ಅದ್ದಿ ನುಂಗಿದೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಎಂದರೆ, ನನಗೆ ಆಗ ನೆಲದ್ದೇ ಚಿಂತೆ. ನಾನಿದ್ದ ಶೀಟಿನ ಮನೆಯ ಜಾಗ ಅಪಾರ್ಟ್‌ಮೆಂಟಿಗೆ ಹೋಗಿತ್ತು. ಪಂಚಾಯಿತಿಯವರು ಶಾಲೆಯ ಹಿಂದೆ ಉಳಿದ ಎರಡು ಸೈಟಿನಲ್ಲಿ ಒಂದನ್ನು ಆರಿಸಿಕೋ ಎಂದಿದ್ದರು. ಒಂದು ಬಯಲಿನ ನಡುವೆ, ಬೋರ್‌ವೆಲ್ ಪಕ್ಕ. ಇನ್ನೊಂದು ಬಂಡೆಯ ಓರೆಯಲ್ಲಿ, ಮೇಕೆ ಹತ್ತುವಂಥ ಕಡೆ. ಮಾಲೂರು ಕಡೆಯಿಂದ ಬಂದ ನನಗೆ ಈ ನೆಲದ ಹಳೇ ಗುಟ್ಟು ಗೊತ್ತಿಲ್ಲ. ಜೆಸಿಬಿ ಓಡಾಡಿದ ಮೇಲೆ ನೆಲ ಮುಖ ತೊಳೆದುಕೊಂಡ ಹಾಗೆ, ಯಾವ ಗಾಯವೂ ಕಾಣುವುದಿಲ್ಲ. ಇದು ನಾನು ಕಟ್ಟುವ ಕೊನೇ ಮನೆ. ತಪ್ಪಿದರೆ ಇನ್ನೊಂದು ಕಟ್ಟುವಷ್ಟು ಆಯಸ್ಸಿಲ್ಲ.

ಮೇಡಂ ಮುದ್ದೆಗೆ ನಿಲ್ಲಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಉದ್ದನೆಯ ಪೈಪು ತರಿಸಿ, ಮಕ್ಕಳ ಕೈಗೆ ಕೊಟ್ಟು, ಶಾಲೆಯ ಸುತ್ತಲಿನ ನೆಲವನ್ನೆಲ್ಲ ಅಳೆಸಿದರು. ಕೊನೆಗೆ ಗೋಡೆಗೊಂದು ನಕ್ಷೆ ಬಂತು. ನೋಡಿದರೆ ಬೋರ್‌ವೆಲ್ ಪಕ್ಕದ ಸೈಟು ಎಲ್ಲ ಬಳೆಗಳ ನಟ್ಟನಡುವೆ ಕೂತಿದೆ! ಮುದ್ದೆಯ ನೆತ್ತಿ! ನಾನು ಅದರ ಮೇಲೆ ಬೆರಳೂರಿದೆ.

"ನಂಗಿದೇ ಸೈಟು. ಎಲ್ಲಾರ್ಗಿಂತ ಮ್ಯಾಲೆ ನಾನೇ."

ಮಕ್ಕಳು ಕಿಸಕ್ಕೆಂದರು. ರಾಯಚೂರು ಕಡೆಯ ಗಾರೆ ಕೆಲಸದವರ ಮಗಳು ರೇಣುಕಾ ಮಾತ್ರ ನಗಲಿಲ್ಲ. "ಗೆರಿ ಮ್ಯಾಲ ಬರದಿರೋ ಎತ್ತರದ ನಂಬರ್ ನೋಡ್ರಿ ಅಜ್ಜಿ. ಒಳಗ ಹೋದಂಗ ಕಡಿಮಿ ಆಗ್ಯಾವ. ಇದು ಮುದ್ದಿ ಅಲ್ರಿ, ಬೋಗುಣಿ."

"ಬೋಗುಣಿ ನಿಮ್ಮಪ್ಪ. ಕಣ್ಣಿಗೆ ಸಮಕ್ಕೈತಲ್ಲೇ!"

"ಬರ್ರಿ, ಪೈಪ್ ಹಿಡೀರಿ."

ಹೋದೆವು. ಪೈಪಿನ ಒಂದು ತುದಿ ಹಿಡಿದು ಅವಳು ಶಾಲೆಯ ಬೇಲಿ ಹತ್ತಿರ ನಿಂತಳು, ಇನ್ನೊಂದು ಹಿಡಿದು ನಾನು ನನ್ನ ಸೈಟಿನ ನಡುವೆ. ಪೈಪಿನ ನೀರು ತೂಗಾಡಿ ಎರಡು ತುದಿಯಲ್ಲೂ ಒಂದೇ ಮಟ್ಟಕ್ಕೆ ನಿಂತಿತು. ಅವಳ ಕಡೆ ಮೊಣಕಾಲಿಗೆ ಬಂದಿತ್ತು. ನನ್ನ ಕಡೆ ಎದೆಗೆ.

ಮೇಡಂ ಬಂದು, "ಅಜ್ಜಿ, ಇಲ್ಲಿ ನೀರು ನಿಲ್ಲೋ ಹಳೇ ಕುಂಟೆ ಇದ್ದಿರಬೇಕು, ಅರ್ಧ ಮುಚ್ಚಿದ್ದಾರೆ" ಎಂದರು. ನಾನು ಎದೆಗೆ ಬಂದ ನೀರನ್ನೇ ನೋಡುತ್ತಿದ್ದೆ. ಇದೇ ನೀರು ಮಳೆಗಾಲದಲ್ಲಿ ಪೈಪಿನ ಹೊರಗಿದ್ದರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಬಳೆ ನೋಡಿದ್ದೆ, ನಂಬರು ನೋಡಿರಲಿಲ್ಲ. ಬೆಟ್ಟವನ್ನೂ ಹಳ್ಳವನ್ನೂ ಮೇಲಿನಿಂದ ನೋಡಿದರೆ ಒಂದೇ ಹಾಗೆ ಕಾಣುತ್ತವೆ. ಇದು ನೆಲಕ್ಕಷ್ಟೇ ಅಲ್ಲ. ಮದುವೆ ಮನೆಯಲ್ಲಿ ಹತ್ತು ಜನರನ್ನು ಸುತ್ತ ಕೂರಿಸಿಕೊಂಡು ದೊಡ್ಡ ಬಾಯಿ ಮಾಡುವವರನ್ನು ಕಂಡರೆ ಈಗ ಮೊದಲು ಅನುಮಾನ ಪಡುತ್ತೇನೆ: ಇವನು ಮುದ್ದೆಯೋ, ಬೋಗುಣಿಯೋ?

ಓರೆಯ ಸೈಟನ್ನೇ ತೆಗೆದುಕೊಂಡೆ. ನಕ್ಷೆಯಲ್ಲಿ ಅಲ್ಲಿ ಗೆರೆಗಳು ಒತ್ತೊತ್ತಾಗಿದ್ದವು. ಒತ್ತೊತ್ತಾಗಿದ್ದರೆ ಕಡಿದು ಎಂದು ಮೇಡಂ ಪಾಠದಲ್ಲೇ ಹೇಳಿದ್ದರು. ನನ್ನ ಕಾಲು ಅದನ್ನು ದಿನಾ ಒಪ್ಪಿಸುತ್ತದೆ. ಮಳೆ ಹಿಡಿದಾಗ ನೀರು ನನ್ನ ಬಾಗಿಲ ಮುಂದೆ ಹಾದು, ನಿಲ್ಲದೆ, ಕೆಳಗಿನ ಬೋಗುಣಿಗೆ ಇಳಿದು ಹೋಗುತ್ತದೆ. ಅಲ್ಲಿ ಈಗ ಯಾರೂ ಮನೆ ಕಟ್ಟಿಲ್ಲ. ಎಮ್ಮೆಗಳು ಮಲಗುತ್ತವೆ, ಅವಕ್ಕೆ ಬಲು ಸುಖ. ಕೊಡ ಹೊತ್ತು ಹತ್ತುವಾಗ ಮಂಡಿ ನನ್ನನ್ನು ಬಯ್ಯುತ್ತದೆ. ಬಯ್ಯಲಿ. ನೀರಲ್ಲಿ ನೆನೆಯದೆ ಒಣಗಿರುವ ಮಂಡಿ ತಾನೇ.