ಮೋಡದ ನಾಡಿನ ರಾಣಿಗೆ ಉಡಿಸುವಾಕೆ

ಬೆಳಗಿನ ಐದೂವರೆ. ಸುರಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಪರಿಮಳಾ ಹೊಲಿಗೆ ಯಂತ್ರದ ಹಲಗೆಯ ಮೇಲೆ ಮೊಳದುದ್ದದ ಬಟ್ಟೆ ಗೊಂಬೆಯನ್ನು ಕೂಡಿಸಿಕೊಂಡು ಅದಕ್ಕೆ ಏಳನೆಯ ಅಂಗಿ ತೊಡಿಸುತ್ತಿದ್ದಾರೆ. ಒಳಗಿನ ಆರೂ ಅಂಗಿಗಳ ಅಂಚು ತೋಳಿನ ತುದಿಯಲ್ಲಿ ಒಂದರ ಕೆಳಗೊಂದು ಕಾಣಬೇಕು, ಜೋಳದ ಕಾಳಿನಷ್ಟೇ ಕಾಣಬೇಕು. ತುಸು ಹೆಚ್ಚಾದರೂ ಬಿಚ್ಚಿ ಮತ್ತೆ ತೊಡಿಸುತ್ತಾರೆ.

ಇದು ಸಾವಿರ ವರ್ಷದ ಹಿಂದೆ ಜಪಾನಿನ ಅರಮನೆಯ ಹೆಂಗಸರು ಉಡುತ್ತಿದ್ದ ಉಡುಗೆ. ಅಲ್ಲಿಯ ಭಾಷೆಯಲ್ಲಿ ಅದರ ಹೆಸರಿಗೆ ಹನ್ನೆರಡು ಪದರು ಎಂಬ ಅರ್ಥವಿದೆ, ಲೆಕ್ಕ ಮಾತ್ರ ಹನ್ನೆರಡೇ ಇರಬೇಕೆಂದಿಲ್ಲ. ಕಲಬುರಗಿಯ ಚಿತ್ರಕಾರ ಸಂಗಮನಾಥ ಮಕ್ಕಳ ಕಲ್ಪನೆಯ ಕಥೆಯೊಂದಕ್ಕೆ ಮುಖಪುಟ ಬರೆಯುತ್ತಿದ್ದಾರೆ. ಅದರಲ್ಲಿ ಬರುವ ಮೋಡದ ನಾಡಿನ ರಾಣಿಗೆ ಈ ಉಡುಗೆ ಬೇಕು. ರಾಣಿ ಕಲ್ಪನೆಯವಳಾದರೂ ಬಟ್ಟೆ ಮೈಮೇಲೆ ನಿಜವಾಗಿ ಬೀಳಬೇಕೆಂಬುದು ಅವರ ಹಟ. ಆ ಬಟ್ಟೆಯ ಬಗ್ಗೆ ಹುಡುಕಿ, ಓದಿ, ಗಿರಾಕಿಗಳ ಕುಪ್ಪಸದಿಂದ ಉಳಿದ ತುಂಡುಗಳಲ್ಲಿ ಗೊಂಬೆಯ ಅಳತೆಗೆ ಹೊಲಿದು, ಫೋಟೊ ತೆಗೆದು ಕಳಿಸುವುದು ಪರಿಮಳಾ ಅವರ ಕೆಲಸ.

ನಲವತ್ತೊಂದರ ಪರಿಮಳಾ ರಾಮಸಮುದ್ರದ ಕೂಲಿಕಾರರ ಮನೆಯ ಮಗಳು. ಓದು ಪಿಯುಸಿಗೆ ನಿಂತಿತು. ಗಂಡ ತೀರಿಕೊಂಡ ಮೇಲೆ ಶಹಾಪುರದಲ್ಲಿ ಹೊಲಿಗೆ ಕಲಿತು, ಶಾಲೆಗಳ ನಾಟಕಕ್ಕೆ ವೇಷದ ಬಟ್ಟೆ ಹೊಲಿದರು. ಅಂಥದೊಂದು ನಾಟಕಕ್ಕೆ ಬಂದಿದ್ದ ಸಂಗಮನಾಥ ಮಂತ್ರಿಯ ನಿಲುವಂಗಿಯ ನೆರಿಗೆ ನೋಡಿ, ಹೊಲಿದವರು ಯಾರೆಂದು ಕೇಳಿಕೊಂಡು ಮನೆಗೇ ಬಂದರು. ಅಲ್ಲಿಂದ ಈವರೆಗೆ ಒಂಬತ್ತು ಪುಸ್ತಕಗಳಾಗಿವೆ. ಯಾವುದರಲ್ಲೂ ಪರಿಮಳಾ ಅವರ ಹೆಸರಿಲ್ಲ. ಈ ಸಲ ಒಳಪುಟದಲ್ಲಿ ಒಂದು ಸಾಲು ಹಾಕಲು ಪ್ರಕಾಶಕರು ಒಪ್ಪಿದ್ದರು.

"ನನ್ನ ಹೆಸರ ಅಚ್ಚಿನಾಗ ಬಂದದ್ದು ರೇಷನ್ ಕಾರ್ಡಿನಾಗ ಅಷ್ಟೇ ನೋಡ್ರಿ," ಎಂದು ಅವರು ನಗುತ್ತಾರೆ.

ಎಂಟು ಗಂಟೆಗೆ ಗೊಂಬೆ ಕಿಟಕಿಗೆ ಹೋಗುತ್ತದೆ, ಕುಪ್ಪಸದ ಕೆಲಸ ಶುರುವಾಗುತ್ತದೆ. ದಿನಕ್ಕೆ ನಾಲ್ಕು, ಮದುವೆಯ ದಿನಗಳಲ್ಲಿ ಏಳು. ಈ ಒಬ್ಬ ರಾಣಿಗೆ ಐವತ್ತು ಬೆಳಗು ಹೋಗಿವೆ, ಮೂರು ನೋಟುಬುಕ್ಕು ತುಂಬಿವೆ. ಮೊಬೈಲಿನಲ್ಲಿ ದೂರದೂರದ ವಸ್ತುಸಂಗ್ರಹಾಲಯಗಳ ಪುಟ ತೆರೆದು, ತಿಳಿಯದ ಮಾತನ್ನು ಅದರಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತಾರೆ. "ಹೊರಗ ಬಿಳಿ, ಒಳಗ ಕೆಂಪು ಇಟ್ರ ಅದಕ್ಕೊಂದು ಹೂವಿನ ಹೆಸರು ಇಡ್ತಿದ್ರಂತ್ರಿ. ನಮ್ಮ ಹೆಣ್ಮಕ್ಕಳು ಸೀರಿಗಿ ಕುಪ್ಪಸ ಜೋಡಿ ನೋಡಂಗ, ಅವರೂ ನೋಡ್ಯಾರ."

ತಪ್ಪಾದದ್ದು ಕಳೆದ ತಿಂಗಳು. ಎದೆಯ ಮೇಲೆ ಕೂಡುವ ಅಂಗಿಯ ಎರಡು ಮಗ್ಗುಲಲ್ಲಿ ಯಾವುದು ಮೇಲೆ ಬರಬೇಕೆಂಬುದು ಹಳೆಯ ಚಿತ್ರಗಳಲ್ಲಿ ಅವರಿಗೆ ಸರಿಯಾಗಿ ಕಾಣಲಿಲ್ಲ. "ಹೊಸ ಸೊಸಿ ಬಲಗಾಲಿಟ್ಟು ಬರ್ತಾಳ, ಪ್ರಸಾದ ಬಲಗೈಲೆ ತಗೋತೀವಿ. ರಾಣಿ ಅಂದಮ್ಯಾಗ ಬಲಮಗ್ಗುಲೇ ಮ್ಯಾಲ ಇರಬೇಕಂತ ನಾನೇ ಠರಾಯಿಸಿಬಿಟ್ಟೆ. ಹುಡುಕಲಿಲ್ಲ, ಅದೇ ತಪ್ಪು." ಫೋಟೊ ಕಲಬುರಗಿಗೆ ಹೋಯಿತು. ಚಿತ್ರ ಮುಗಿದೇ ಹೋಯಿತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಶರೀಫಾಬೀ ಕಿಟಕಿಯಲ್ಲಿದ್ದ ಗೊಂಬೆಯನ್ನು ಕಂಡರು. ಓಣಿಯ ಮುಸಲ್ಮಾನ ಹೆಂಗಸರು ತೀರಿಕೊಂಡರೆ ಮೀಯಿಸಿ ಕಫನ್ ಎಂಬ ಹೆಣದ ಬಟ್ಟೆ ಹೊದಿಸುವವರು ಅವರೇ.

"ಯಾಕವ್ವ, ಇಕಿ ಸತ್ತಾಳೇನ?"

"ರಾಣಿ ಅದಾಳ ಚಾಚಿ ಇಕಿ! ಮುಂಜಾನೆದ್ದು ನಿನ್ನ ಬಾಯಾಗ ಛಲೋ ಮಾತ ಬರಂಗಿಲ್ಲೇನ?"

"ಮತ್ತ ಎಡಮಗ್ಗುಲ ಮೊದಲ ಮಡಚಿ, ಬಲಮಗ್ಗುಲ ಮ್ಯಾಲ ಹಾಕಿದಿ. ನಾ ಕಫನ್ ಹಂಗೇ ಹಾಕ್ತೀನಿ. ಮೂವತ್ತ ವರ್ಷ ಆತು."

ಅಂದು ಕುಪ್ಪಸ ಮುಟ್ಟದೆ ಪರಿಮಳಾ ಹುಡುಕಲು ಕುಳಿತರು. ಜಪಾನಿನಲ್ಲೂ ಬದುಕಿದವರಿಗೆ ಎಡಮಗ್ಗುಲು ಮೇಲೆ, ಬಲಮಗ್ಗುಲು ಮೇಲೆ ಬರುವುದು ಸತ್ತವರಿಗೆ ಮಾತ್ರ ಎಂದು ಓದಿದರು. ಅಷ್ಟು ದೂರದ ಮಂದಿಗೂ ನಮ್ಮ ಓಣಿಯ ಮಂದಿಗೂ ಕೊನೆಯ ಬಟ್ಟೆಯ ಮಡಿಕೆ ಒಂದೇ. ಯಾರ ಕೈಗೆ ಏನು ಕಲಿಸಿಟ್ಟಿದ್ದಾನೋ, ದೇವರೇ ಬಲ್ಲ.

ಮುಖಪುಟ ಅಚ್ಚಿಗೆ ಹೋಗಲು ನಾಲ್ಕು ದಿನವಿತ್ತು. ಸುಮ್ಮನಿದ್ದರೆ ಒಳಪುಟದ ಸಾಲು ಬರುತ್ತಿತ್ತು. ಬಾಯಿ ಬಿಟ್ಟರೆ ಸಾಲಷ್ಟೇ ಅಲ್ಲ, ಮುಂದಿನ ಕೆಲಸವೂ ಹೋಗಬಹುದಿತ್ತು. ಸಂಜೆಯವರೆಗೆ ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದು ಕೊನೆಗೆ ಸಂಗಮನಾಥರಿಗೆ ಕರೆ ಮಾಡಿದರು.

"ಸರ್, ತಪ್ಪು ನಂದದ. ರಾಣಿ ಮೈಮ್ಯಾಲ ಹೆಣದ ಬಟ್ಟಿ ಬಿದ್ದದ."

ಆ ಕಡೆಯಿಂದ ಸಂಗಮನಾಥ, "ಎಲ್ಲಾ ಮುಗದದ ಅಕ್ಕಾರ. ನಮ್ಮ ಕಡಿ ಯಾರಿಗಿ ಗೊತ್ತಾಗ್ತದ ಬಿಡ್ರಿ," ಎಂದರು.

"ಶರೀಫಾಬೀ ಚಾಚಿಗಿ ಗೊತ್ತಾತಲ್ರಿ."

ಮರುದಿನ ಸಂಗಮನಾಥ ಹೊಸ ಹಾಳೆ ತೆಗೆದುಕೊಂಡರು. ಅದಕ್ಕಾಗಿಯೇ ಪರಿಮಳಾ ಈಗ ಮೊದಲ ಅಂಗಿಯಿಂದ ಎಲ್ಲವನ್ನೂ ಎರಡನೆಯ ಸಲ ತೊಡಿಸುತ್ತಿರುವುದು. ಪುಸ್ತಕ ತಡವಾಯಿತೆಂದು ಪ್ರಕಾಶಕರಿಗೆ ಸಿಟ್ಟಿದೆ. ಒಳಪುಟದ ಸಾಲಿನ ಮಾತೆತ್ತಿದರೆ "ನೋಡೋಣ" ಎನ್ನುತ್ತಾರೆ. ನೋಡೋಣ ಎಂದರೆ ಏನೆಂದು ಪರಿಮಳಾ ಅವರಿಗೂ ಗೊತ್ತು.

ಆದರೂ ಅವರಿಗೊಂದು ಆಸೆಯಿದೆ. ಸಾಲು ಬಂದರೆ ಅದರಲ್ಲಿ ಶರೀಫಾಬೀ ಹೆಸರೂ ಇರಬೇಕು. ಕೊಡ ಹಿಡಿದು ಬಾಗಿಲಲ್ಲಿ ನಿಂತ ಶರೀಫಾಬೀ ಅದನ್ನು ಕೇಳಿ ಗದರುತ್ತಾರೆ: "ನಂದ್ಯಾಕ ಹಾಕಸ್ತೀ? ಹುಚ್ಚಿ! ಮಕ್ಕಳ ಪುಸ್ತಕದಾಗ ಹೆಣಾ ತೊಳಿಯಾಕಿ ಹೆಸರೇನ?"

ಪರಿಮಳಾ ತಲೆಯೆತ್ತುವುದಿಲ್ಲ.

"ಹಾಕಿದ್ರ ಇಬ್ಬರದ್ದೂ ಹಾಕ್ಲಿ ಚಾಚಿ, ಇಲ್ಲಂದ್ರ ನಂದೂ ಬ್ಯಾಡ. ತಪ್ಪು ಮಾಡಿದಾಕಿದು ಬರೆದು, ತಿದ್ದಿದಾಕಿದು ಬಿಟ್ರ ಹೆಂಗ?"